ಉಪ್ಪಿನ ಕೋಟೆಯ ಗಂಟೆ ಹುಡುಗಿ

ನಮ್ಮೂರಿಗೆ ಬರುವ ಬಸ್ಸಿಗೆ ಬೋರ್ಡು ಇಲ್ಲ. ಬರಬೇಕಾದವರು ಹೇಗೋ ಹತ್ತಿ ಬರುತ್ತಾರೆ, ಇಳಿದವರು ಸೀದಾ ಫಕೀರಕ್ಕನ ಹೋಟೆಲಿಗೆ, ಅಂದರೆ ನನ್ನ ಹೋಟೆಲಿಗೆ ಬಂದು ಚಹಾ ಕೇಳುತ್ತಾರೆ. ಶುಕ್ರವಾರ ಬೆಳಿಗ್ಗೆ ಬಂದವರಿಗೆ ಮಾತ್ರ ಚಹಾ ತಡ. ಎರಡನೆಯ ಸಲದ ಇಡ್ಲಿ ಇಳಿಸುವ ಹೊತ್ತಿಗೆ ಊರಿನ ಎಲ್ಲರ ಫೋನುಗಳೂ ಒಮ್ಮೆಲೇ ಗುಂಯ್ ಎನ್ನುತ್ತವೆ, ‘ಉಪ್ಪಿನ ಕೋಟೆ’ಯ ಹೊಸ ಕಂತು ಬಂದಿರುತ್ತದೆ, ಆಮೇಲೆ ನನಗೆ ಒಲೆಯ ನೆನಪೂ ಇರುವುದಿಲ್ಲ, ಗಿರಾಕಿಯ ನೆನಪೂ ಇರುವುದಿಲ್ಲ. ಪರ ಊರಿನವರು ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲಿ ಯುದ್ಧ ನಡೆದಿದೆ.

ಅದು ಫೋನಿನಲ್ಲಿ ಬರುವ ಚಿತ್ರಕಥೆ. ಯಾರು ಬರೆಯುತ್ತಾರೆ, ಎಲ್ಲಿಂದ ಕಳಿಸುತ್ತಾರೆ ಎಂದು ಮೊದಮೊದಲು ಕೆಲವರು ತಲೆ ಕೆಡಿಸಿಕೊಂಡರು. ಮೊಬೈಲ್ ರಿಪೇರಿ ಮಾಡುವ ಮೌಲಾಲಿ ತನ್ನ ಫೋನನ್ನು ಬಿಚ್ಚಿ ನೋಡಿದ, ಮತ್ತೆ ಕೂಡಿಸಿದ, ಅಲ್ಲಿಗೆ ಆ ವಿಚಾರ ಮುಗಿಯಿತು. ಕಥೆಯಲ್ಲಿ ಉಪ್ಪಿನಿಂದ ಕಟ್ಟಿದ, ಎರಡು ಸುತ್ತು ಗೋಡೆಯ ಒಂದು ಕೋಟೆ ಇದೆ. ಅದನ್ನು ಮುತ್ತಿದವರು ಮುಗಿಲಾನೆಗಳ ಸೈನ್ಯದವರು. ಮೋಡದಂಥ ಮೈ, ಸೊಂಡಿಲ ತುಂಬ ಸಿಹಿನೀರು. ಒಮ್ಮೆ ಚಿಮ್ಮಿದರೆ ಗೋಡೆಯ ಒಂದು ಸಾಲು ಕರಗಿ ಹೋಗುತ್ತದೆ. ಕೋಟೆಯ ಒಳಗೆ ನಮ್ಮವರಿದ್ದಾರೆ. ನಮ್ಮವರು ಎನ್ನುತ್ತೇನೆ, ಯಾಕೆಂದರೆ ಅವರಿಗೆ ಹೆಸರಿಡುವವರು ನಾವು.

ಚಿತ್ರದಲ್ಲಿ ಯಾರಿಗೂ ಹೆಸರಿರುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಕರೆಯುವ ಕಡೆ ಮಾತಿನ ಗುಳ್ಳೆ ಖಾಲಿ. ಶುಕ್ರವಾರ ಹೋಟೆಲಿನಲ್ಲಿ ಕೂತವರೆಲ್ಲ ಸೇರಿ ಒಂದು ಹೆಸರನ್ನು ಒಟ್ಟಿಗೆ, ಗಟ್ಟಿಯಾಗಿ ಹೇಳಬೇಕು. ಮುಂದಿನ ಶುಕ್ರವಾರ ಆ ಹೆಸರು ಗುಳ್ಳೆಯೊಳಗೆ ಬಂದು ಕೂತಿರುತ್ತದೆ. ಒಬ್ಬರು ಬಾಯಿ ಮುಚ್ಚಿಕೊಂಡಿದ್ದರೂ ಖಾಲಿ ಜಾಗ ಖಾಲಿಯೇ. ಸುಮ್ಮನೆ ತುಟಿ ಆಡಿಸಿದರೂ ಅದಕ್ಕೆ ಗೊತ್ತಾಗುತ್ತದೆ.

ಕೋಟೆಯ ದಳವಾಯಿಗೆ ಹೆಸರಿಡುವಾಗ ನಡೆದ ಜಗಳದಲ್ಲಿ ನನ್ನ ಎರಡು ಬೆಂಚು ಮುರಿದವು. ನಿವೃತ್ತರಾದ ಕಲ್ಲಿನಾಥ ಮಾಸ್ತರರು ‘ಸಮರವಜ್ರಬಾಹು’ ಆಗಲೇಬೇಕು ಎಂದು ಹಟ ಹಿಡಿದರು. ಮೌಲಾಲಿ ‘ಝೋರಾಕ್’ ಎಂದ. ನಾನು, “ಬಾಯಾಗ ಬಿಸಿ ಮಿರ್ಚಿ ಇದ್ದಾಗೂ ಕರೀಲಿಕ್ಕೆ ಬರುವಂಥಾ ಹೆಸರು ಬೇಕ್ರಿ ಮಾಸ್ತರ. ನಿಮ್ಮ ಹೆಸರು ಹೇಳಿ ಮುಗಸೂದ್ರಾಗ ಆನಿ ಒಳಗ ಬಂದು ಕುಂತಿರ್ತಾವ” ಎಂದೆ. ಕಡೆಗೆ ಎಲ್ಲರೂ ಸೋತು ಸುಣ್ಣವಾಗಿ ‘ಬರಮಣ್ಣ’ ಎಂದು ಒಪ್ಪಿದರು. ಮೈಮೇಲೆ ಬೆಳ್ಳಿಯ ಕವಚ, ತಲೆಯ ಮೇಲೆ ಹದ್ದಿನ ಗರಿ, ಹೆಸರು ಬರಮಣ್ಣ. ಮಾಸ್ತರರು ಎರಡು ವಾರ ನನ್ನ ಇಡ್ಲಿ ಮುಟ್ಟಲಿಲ್ಲ.

ಅದಾದ ಮೇಲೆ ಕೋಟೆಯ ಬಾಗಿಲು ಕಾಯುವ ಮುದುಕನಿಗೆ ಪ್ರೀತಿಯಿಂದ ದುಂಡಪ್ಪಜ್ಜ ಎಂದು ಹೆಸರಿಟ್ಟೆವು. ಕೆಲವೇ ವಾರಗಳಲ್ಲಿ ಆನೆಯೊಂದು ಅವನನ್ನು ಬಾಗಿಲಿನ ಸಮೇತ ಕೊಚ್ಚಿಕೊಂಡು ಹೋಯಿತು. ಊರಿಗೆ ಊರೇ ಅತ್ತಿತು. ನಾನು ಹೋಳಿಗೆ ಮಾಡಿ ಬೀದಿಯವರಿಗೆಲ್ಲ ಅವನ ತಿಥಿಯ ಊಟ ಹಾಕಿದೆ. ಆಮೇಲೆ ಗೂಳಿಯ ಮೇಲೆ ಕೂತು ಯುದ್ಧ ಮಾಡುತ್ತಿದ್ದ ಗುಲಾಬಿ ಹೋದಳು. ಅವಳ ಹಿಂದೆ ಬಿಲ್ಲುಗಾರ ಶಿವನಗೌಡ. ಆಗ ಯಾರ ಬಾಯಿಂದ ಮೊದಲು ಬಂತೋ ಗೊತ್ತಿಲ್ಲ, ಊರಿನಲ್ಲಿ ಒಂದು ಮಾತು ಬೇರು ಬಿಟ್ಟಿತು: ನಾವು ಹೆಸರಿಟ್ಟವರು ಸಾಯುತ್ತಾರೆ, ಹೆಸರಿಲ್ಲದವರಿಗೆ ಸಾವಿಲ್ಲ. ಬರಮಣ್ಣನ ಸರದಿ ಇನ್ನೂ ಬಂದಿಲ್ಲ, ಅಷ್ಟೆ.

ಮಾತು ಕೋಟೆಯಲ್ಲಿ ನಿಲ್ಲದೆ ಮನೆಗಳಿಗೆ ನುಗ್ಗಿತು. ಹೆಂಗಸರು ತೊಟ್ಟಿಲು ಕಟ್ಟುತ್ತಿದ್ದರು, ಹಾಡುತ್ತಿದ್ದರು, ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಹೆಸರಿಡುವ ಶಾಸ್ತ್ರದಂತೆ ಬೆನ್ನಿಗೆ ಗುದ್ದೂ ತಿನ್ನುತ್ತಿದ್ದಳು, ಹೆಸರು ಮಾತ್ರ ಹೇಳುತ್ತಿರಲಿಲ್ಲ. ಎಲ್ಲ ಮಕ್ಕಳೂ ಬರೀ ‘ಕೂಸು’. ಓಡಾಡುವ ವಯಸ್ಸಿನವೂ ಕೂಸು. ಪೋಲಿಯೊ ಹನಿ ಹಾಕಲು ಬಂದ ನರ್ಸಬಾಯಿ, “ಎಲ್ಲಾವೂ ಕೂಸ ಅಂದ್ರ ನಾ ಯಾವುದಕ್ಕ ಹಾಕಿದೆ, ಯಾವುದಕ್ಕ ಬಿಟ್ಟೆ, ನಿಮ್ಮ ಅಪ್ಪಗ ಗೊತ್ತೇನು?” ಎಂದು ನಮ್ಮ ಜನ್ಮ ಜಾಲಾಡಿದಳು. ಬೈಸಿಕೊಂಡೆವು. ಮಕ್ಕಳು ಉಳಿದರೆ ಸಾಕಾಗಿತ್ತು.

ಈ ಮಾತನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದುಕೊಂಡವಳು ನೀಲಗಂಗಾ. ಹೋಟೆಲಿನ ಪಕ್ಕದಲ್ಲೇ ಅವಳ ಹೊಲಿಗೆ ಅಂಗಡಿ. ಅವಳ ಮೊದಲ ಎರಡು ಮಕ್ಕಳಿಗೂ ಹನ್ನೆರಡನೆಯ ದಿನವೇ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿದ್ದರು. ಎರಡೂ ಉಳಿಯಲಿಲ್ಲ. ಮೂರನೆಯ ಮಗಳಿಗೆ ಈಗ ಎರಡು ವರ್ಷ. ಬೀದಿಯಲ್ಲಿ ದಡಬಡ ಓಡುತ್ತಾಳೆ, ನನ್ನ ಹೋಟೆಲಿನ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಬಲ್ಲಳು. ಹೆಸರಿಲ್ಲ. ಗಂಡ ಸಿದ್ರಾಮ ಟೆಂಪೊ ಹೊಡೆಯುತ್ತಾನೆ, ತಾಯಿ ಹೇಗೆ ಹೇಳುತ್ತಾಳೋ ಹಾಗೆ ಎಂದು ಸುಮ್ಮನಿದ್ದ. ನಾವೂ ಕೇಳುತ್ತಿರಲಿಲ್ಲ. ಕೇಳುವುದಾದರೂ ಯಾವ ಬಾಯಿಂದ?

ಯುದ್ಧದ ವಿಚಾರಕ್ಕೆ ಬಂದರೆ ಊರಿನಲ್ಲಿ ನೀಲಗಂಗಾಳನ್ನು ಮೀರಿಸುವವರಿಲ್ಲ. ಸುಬೇದಾರ ಕಾಕಾ ಮೂವತ್ತು ವರ್ಷ ಮಿಲಿಟರಿಯಲ್ಲಿದ್ದವರು, ಹೆಚ್ಚಿನ ಕಾಲ ಅಲ್ಲಿಯ ಅಡುಗೆಮನೆಯಲ್ಲಿದ್ದರು ಎಂಬುದನ್ನು ನಾವ್ಯಾರೂ ಎತ್ತುವುದಿಲ್ಲ. ಅವರು ಚಮಚ, ಲೋಟ, ಚಟ್ನಿ ಬಟ್ಟಲು ಇಟ್ಟು ಮೇಜಿನ ಮೇಲೆ ಕೋಟೆ ಕಟ್ಟಿ, ಗೋಡೆ ಕರಗದಂತೆ ಹೇಗೆ ಕಾಯಬೇಕೆಂದು ಹೇಳುತ್ತಿದ್ದಾಗ ನೀಲಗಂಗಾ ಹೊರಗಿನ ಸಾಲಿನ ಲೋಟಗಳನ್ನೆಲ್ಲ ತೆಗೆದುಬಿಟ್ಟಳು.

“ಹರದ ಅಂಚಿಗೆ ತ್ಯಾಪಿ ಹಚ್ಚಿಕೋತ ಕೂಡಬಾರದು ಕಾಕಾ. ಅದನ್ನ ಬಿಟ್ಟು ಒಳಗ ಮಡಚಿ ಹೊಲೀಬೇಕು. ಹೊರಗಿನ ಗ್ವಾಡಿ ಅವ್ಕ ಬಿಟ್ಟುಕೊಡ್ರಿ. ಎರಡೂ ಗ್ವಾಡಿ ನಡುವ ಕಾಲುವಿ ತೋಡಿ ಉಪ್ಪುನೀರು ತುಂಬಿ ಅದಕ್ಕ ಬಾಗಲಾ ಹಾಕ್ರಿ. ಆನಿ ಎಲ್ಲಾ ಒಳಗ ಬರೂ ತನಕಾ ಸುಮ್ಮನಿದ್ದು ಬಾಗಲಾ ತಗೀರಿ. ಸಿಹಿನೀರಿನ ಆನಿ ಉಪ್ಪುನೀರಾಗ ನಿಲ್ಲತಾವೇನು?”

ಸುಬೇದಾರ ಕಾಕಾ ಚಟ್ನಿ ಬಟ್ಟಲನ್ನು ಒಳಗಿನ ಸಾಲಿಗೆ ಸರಿಸಿದರು. “ಹೌದು ಬಿಡು” ಎಂದರು. ಮುಂದಿನ ಕಂತುಗಳಲ್ಲಿ ಬರಮಣ್ಣ ಎರಡು ಗೋಡೆಗಳ ನಡುವೆ ಕಾಲುವೆ ತೋಡಿಸತೊಡಗಿದ. ನಮ್ಮ ಮಾತು ಅವನಿಗೆ ಕೇಳಿತು ಎನ್ನಲು ಪುರಾವೆ ಇಲ್ಲ. ಕೇಳಲಿಲ್ಲ ಎನ್ನಲೂ ಇಲ್ಲ.

ಒಂದೇ ಒಂದು ತೊಡಕು. ಕಾಲುವೆಯ ಬಾಗಿಲು ತೆಗೆಯುವವರು ಕೆಳಗಿದ್ದಾರೆ, ಅವರಿಗೆ ಆನೆಗಳು ಕಾಣುವುದಿಲ್ಲ. ಆನೆಗಳೆಲ್ಲ ಒಳಗೆ ಬಂದವು ಎಂದು ಎತ್ತರದ ಬುರುಜಿನ ಮೇಲಿಂದ ಗಂಟೆ ಬಾರಿಸಬೇಕು. ಅಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಥೆ ಶುರುವಾದಾಗಿನಿಂದ ಗಂಟೆಯ ಹಗ್ಗ ಹಿಡಿದು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಉದ್ದನೆಯ ಜಡೆಯೊಂದನ್ನು ಬಿಟ್ಟು ನಾವು ಅವಳದು ಏನನ್ನೂ ನೋಡಿಲ್ಲ. ಪ್ರತಿ ಕಂತಿನ ಕೊನೆಗೆ ಬರಮಣ್ಣ ಬುರುಜಿನತ್ತ ಮುಖವೆತ್ತಿ ಬಾಯಿ ತೆರೆಯುತ್ತಾನೆ. ಗುಳ್ಳೆ ಖಾಲಿ. ಹುಡುಗಿ ತಿರುಗುವುದಿಲ್ಲ. ಅಷ್ಟರಲ್ಲಿ ಒಳಗಿನ ಗೋಡೆಯೂ ಒಂದಿಷ್ಟು ಕರಗಿರುತ್ತದೆ.

ಮಾಸ್ತರರು ‘ಘಂಟಾಮಣಿ’ ಎಂದರು. ಮೌಲಾಲಿ ‘ಬಿಜಲಿ’ ಎಂದ. ಬಿಜಲಿ ಎಲ್ಲರಿಗೂ ಹಿಡಿಸಿತು, ಮಾಸ್ತರರೂ ಗೊಣಗುತ್ತ ಒಪ್ಪಿದರು. ನಾನು ಒಂದು, ಎರಡು, ಮೂರು ಎಂದೆ, ಹೋಟೆಲಿನ ತಗಡು ಅದುರುವಂತೆ ಎಲ್ಲರೂ ಕೂಗಿದರು. ಮುಂದಿನ ವಾರ ಗುಳ್ಳೆ ಖಾಲಿ. ಮತ್ತೆ ಕೂಗಿದೆವು, ಮತ್ತೆ ಖಾಲಿ. ಮೂರನೆಯ ಸಲ ನಾನು ಕೂಗದೆ ಸುತ್ತ ನೋಡಿದೆ. ನೀಲಗಂಗಾ ಮಗಳನ್ನು ಎದೆಗೆ ಒತ್ತಿಕೊಂಡು ತುಟಿ ಬಿಗಿದು ಕೂತಿದ್ದಳು. ನಾನು ನೋಡಿದ್ದನ್ನು ಎಲ್ಲರೂ ನೋಡಿದರು.

“ಯಾಕವಾ?” ಎಂದರು ಸುಬೇದಾರ ಕಾಕಾ. “ಕಾಲುವಿ ನಿಂದು, ಉಪಾಯ ನಿಂದು. ಒಂದು ಹುಡುಗಿ ಸಲುವಾಗಿ ಇಡೀ ಕ್ವಾಟಿ ಕರಗಸ್ತೀಯೇನು?”

“ಕರಗಲಿ” ಎಂದಳು ನೀಲಗಂಗಾ. “ಕ್ವಾಟಿ ಮತ್ತ ಕಟ್ಟಬಹುದು ಕಾಕಾ.”

ಕಾಕಾ ತಮ್ಮ ತಟ್ಟೆಯಲ್ಲಿದ್ದ ಇಡ್ಲಿಯ ತುಂಡೊಂದನ್ನು ಸಕ್ಕರೆಯಲ್ಲಿ ಅದ್ದಿ ಕೂಸಿನ ಕೈಗೆ ಕೊಟ್ಟು ಎದ್ದು ಹೋದರು. ಆಮೇಲಿನ ವಾರಗಳಲ್ಲಿ ಊರು ಎರಡಾಯಿತು. ಕೆಲವರು ರವಿಕೆ ಹೊಲಿಸಲು ಬೇರೆ ಕಡೆ ಹೋಗತೊಡಗಿದರು. ಇನ್ನು ಕೆಲವರು ಬೇಕೆಂತಲೇ ಹೊಸ ಬಟ್ಟೆ ತಂದು ಅವಳಿಗೇ ಕೊಟ್ಟರು. ನನಗಂತೂ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಮರುಗಳಿಗೆಗೆ ಮರುಕವೂ ಬರುತ್ತಿತ್ತು.

ಹೀಗಿರುವಾಗ ಮಂಗಳವಾರದ ಸಂತೆ ಬಂತು. ನಾನು ಮೆಣಸಿನಕಾಯಿ ಆರಿಸುತ್ತಿದ್ದೆ, ನೀಲಗಂಗಾ ಎದುರಿನ ಅಂಗಡಿಯಲ್ಲಿ ಅಸ್ತರದ ಬಟ್ಟೆ ನೋಡುತ್ತಿದ್ದಳು, ಮಗಳು ಅವಳ ಸೆರಗು ಹಿಡಿದು ನಿಂತಿದ್ದಳು. ಎಲ್ಲಿಂದಲೋ ಹಗ್ಗ ಕಿತ್ತುಕೊಂಡ ಹೋರಿಯೊಂದು ಸಂತೆಯೊಳಗೆ ನುಗ್ಗಿತು. ಬುಟ್ಟಿಗಳು ಉರುಳಿದವು, ತಾಡಪತ್ರಿಗಳು ಹರಿದವು, ಜನ ಕಂಡಕಂಡ ಕಡೆ ಓಡಿದರು. ಹೋರಿ ಹಾದು ಹೋದ ಮೇಲೆ ನೋಡಿದರೆ ನೀಲಗಂಗಾಳ ಸೆರಗಿನ ತುದಿಯಲ್ಲಿ ಮಗಳಿರಲಿಲ್ಲ.

“ಕೂಸೇ!” ಎಂದು ಕೂಗಿದಳು. “ಏ ಕೂಸೇ! ಎಲ್ಲಿ ಅದೀ?”

ಬಾಳೆಗೊನೆಗಳ ಹಿಂದಿನಿಂದ ಒಂದು ಕೂಸು ಓಡಿಬಂತು. ಗಾಡಿಯ ಕೆಳಗಿನಿಂದ ಇನ್ನೊಂದು ಬಂತು, ಕೈಯಲ್ಲಿ ಬೆಲ್ಲ. ಮತ್ತೊಂದು ಅಳುತ್ತ ಬಂದು ಅವಳ ಕಾಲನ್ನೇ ತಬ್ಬಿಕೊಂಡಿತು. ಯಾವುದೂ ಅವಳದಲ್ಲ. ಸಂತೆಯ ಆ ಕಡೆ, ಈ ಕಡೆ ಬೇರೆ ತಾಯಂದಿರೂ ಕೂಸೇ, ಕೂಸೇ ಎಂದು ಕೂಗುತ್ತಿದ್ದರು. ಮಕ್ಕಳು ಒಂದು ದನಿಯಿಂದ ಇನ್ನೊಂದು ದನಿಗೆ ಓಡುತ್ತಿದ್ದವು, ಗೊತ್ತಿಲ್ಲದ ಮುಖ ಕಂಡು ಅಳುತ್ತಿದ್ದವು. ಇಡೀ ಸಂತೆಯಲ್ಲಿ ಒಂದೇ ಶಬ್ದ. ನಾವು ಬುದ್ಧಿವಂತರು ಎಂದುಕೊಂಡು ಎಂಥ ದಡ್ಡತನ ಮಾಡಿದ್ದೆವು ಎಂದು ನನಗೆ ಆಗಲೇ ಹೊಳೆದದ್ದು. ಹೋರಿ ಮತ್ತೆ ತಿರುಗಿ ಬರುವ ಗದ್ದಲ ಅತ್ತ ಕೇಳುತ್ತಿತ್ತು.

ನೀಲಗಂಗಾ ಕುಂಬಳಕಾಯಿಯ ಗಾಡಿಯ ಮೇಲೆ ಹತ್ತಿ ನಿಂತಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ಬಾಯಿ ತೆರೆದು ಸುಮ್ಮನೆ ನಿಂತಳು. ಆಮೇಲೆ ನಾನು ಅವಳಿಂದ ಎಂದೂ ಕೇಳಿರದ ದನಿಯಲ್ಲಿ ಕೂಗಿದಳು.

“ಚಂಪಾ! ಚಂಪೀ! ಬಾರs ನನ ತಾಯಿ!”

ಯಾರಿದು ಚಂಪಾ ಎಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಳಿನ ಸಾಲಿನಲ್ಲಿ ಜೋಳದ ಚೀಲಗಳ ಸಂದಿಯಿಂದ ಒಂದು ಪುಟ್ಟ ತಲೆ ಹೊರಗೆ ಬಂತು. ಮುಖದ ತುಂಬ ಧೂಳು, ಮುಷ್ಟಿಯ ತುಂಬ ಜೋಳ. ತಾಯಿ ಎಲ್ಲಿದ್ದಾಳೆ ಎಂದು ಸುತ್ತ ನೋಡಿ, ಗಾಡಿಯ ಕಡೆಗೆ ನೆಟ್ಟಗೆ ಓಡಿಬಂತು. ಸಿದ್ರಾಮನ ಗೆಳೆಯನೊಬ್ಬ ಅದನ್ನು ಎತ್ತಿ ಗಾಡಿಯ ಮೇಲೆ ಕೊಟ್ಟ. ನೀಲಗಂಗಾ ಕುಂಬಳಕಾಯಿಗಳ ನಡುವೆ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ.

ಅವರನ್ನು ಹೋಟೆಲಿಗೆ ಕರೆತಂದು ಹಾಲು ಕೊಟ್ಟು ಕೇಳಿದೆ: “ಯಾವಾಗ ಇಟ್ಟೀ ಹೆಸರು?”

“ಹುಟ್ಟಿದ ದಿನಾನs” ಎಂದಳು, ತಲೆ ಎತ್ತದೆ. “ಹಾಲು ಕುಡಸೂ ಮುಂದ ಕಿವ್ಯಾಗ ಹೇಳ್ತಿದ್ದೆ ಫಕೀರಕ್ಕಾ. ಯಾರಿಗೂ ಕೇಳಬಾರದು ಅಂತ ಅಷ್ಟು ಸಣ್ಣಾಗಿ. ಅವರಪ್ಪಗೂ ಹೇಳಿಲ್ಲ. ತಡ್ಕೊಳ್ಳಿಕ್ಕೆ ಆಗಲಿಲ್ಲ. ಈಗ ಇಡೀ ಸಂತಿಗೆ ಕೇಳಿತಲ್ಲ, ಏನು ಮಾಡ್ಲಿ?”

ಮರುದಿನ ಚಂಪಾಳಿಗೆ ಮೈ ಬೆಚ್ಚಗಾಯಿತು. ಹಸಿ ಜೋಳ ತಿಂದು ಹೊಟ್ಟೆ ಕೆಟ್ಟಿದೆ ಎಂದು ಡಾಕ್ಟರು ಔಷಧಿ ಕೊಟ್ಟರು. ನೀಲಗಂಗಾಳಿಗೆ ಮಾತ್ರ ಅದು ಜೋಳದ ಜ್ವರವಾಗಿ ಕಾಣಲಿಲ್ಲ. ಹೋಟೆಲಿಗೆ ಬೀಗ ಹಾಕಿ ನಾನು ಅವಳ ಮನೆಗೆ ಹೋಗಿ ಕೂತೆ. ಅವಳು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಳು ಬರಬಾರದೆಂದು ಫೋನಿನಲ್ಲಿ ಹಳೆಯ ಕಂತುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ದುಂಡಪ್ಪಜ್ಜ ಸತ್ತ ಕಂತು ಬಂದಾಗ ಅವಳ ಬೆರಳು ನಿಂತಿತು. ಚಿತ್ರವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು.

“ಅಕ್ಕಾ, ಇಲ್ಲಿ ನೋಡು.”

ನೋಡಿದೆ. ಕೊಚ್ಚಿಹೋದ ಬಾಗಿಲಿನ ಹಿಂದೆ, ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಬರೆದ ಜನ ಬಿದ್ದಿದ್ದರು. ಒಬ್ಬನ ಕೈಯಲ್ಲಿ ಇನ್ನೂ ರೊಟ್ಟಿಯ ಗಂಟಿತ್ತು. ಗುಲಾಬಿ ಸತ್ತ ಕಂತಿನಲ್ಲೂ ಹಾಗೆಯೇ. ನಾವು ಅಳುತ್ತ ಕೂತಿದ್ದ ಪ್ರತಿ ಚಿತ್ರದ ಅಂಚಿನಲ್ಲೂ ಹೆಸರಿಲ್ಲದವರು ಸತ್ತು ಬಿದ್ದಿದ್ದರು. ವರ್ಷಗಟ್ಟಲೆ ನೋಡಿದ್ದೆವು, ಕಂಡಿರಲಿಲ್ಲ.

“ಇವ್ರೂ ಸತ್ತಾರ” ಎಂದಳು ನೀಲಗಂಗಾ. “ಇವ್ರ ಸಲುವಾಗಿ ನಾವು ಹೋಳಿಗಿ ಮಾಡ್ಲಿಲ್ಲಲ್ಲ ಅಕ್ಕಾ. ಒಬ್ರೂ ಅಳಲಿಲ್ಲಲ್ಲ.”

ಆಮೇಲೆ ಫೋನು ಕೆಳಗಿಟ್ಟು ಮಗಳ ತಲೆ ನೇವರಿಸಿ, ನನಗೂ ಸಿದ್ರಾಮನಿಗೂ ಕೇಳುವಂತೆ, “ಚಂಪಾ, ನೀರು ಕುಡಿ” ಎಂದಳು. ಸಿದ್ರಾಮ ಬಾಗಿಲಲ್ಲಿ ನಿಂತವನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಜ್ವರ ಬಿಟ್ಟು ಹುಡುಗಿ ಅನ್ನ ಕೇಳಿದಳು.

ಶುಕ್ರವಾರ ಹೋಟೆಲು ತುಂಬಿತ್ತು. ಹೊಸ ಕಂತಿನಲ್ಲಿ ಆನೆಗಳು ಹೊರಗೋಡೆ ದಾಟಿದ್ದವು. ಬರಮಣ್ಣನ ಗುಳ್ಳೆ ಖಾಲಿ. ನೀಲಗಂಗಾ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಎಲ್ಲರಿಗೂ ಹಳೆಯ ಚಿತ್ರಗಳ ಮೂಲೆಗಳನ್ನು ಹಿಗ್ಗಿಸಿ ತೋರಿಸಿದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮೌಲಾಲಿ ತಲೆ ತಗ್ಗಿಸಿದ. ಚಹಾ ಆರಿಹೋಯಿತು.

“ಗಂಟಿ ಹುಡುಗಿಗೆ ಹೆಸರಿಡೋಣು” ಎಂದಳು. “ಚಂಪಾ ಅಂತ ಕರೀರಿ.”

ಎದ್ದು ನಿಂತವರು ಸುಬೇದಾರ ಕಾಕಾ. ಇಷ್ಟು ದಿನ ಹೆಸರು ಹೆಸರು ಎಂದು ಮೇಜು ಗುದ್ದಿದವರು, “ಬ್ಯಾಡವಾ, ನನ್ನ ಮಾತು ಕೇಳು. ಬ್ಯಾರೆ ಯಾವ ಹೆಸರಾದ್ರೂ ಇಡೋಣು. ನಾಳೆ ಅಲ್ಲಿ ಏನಾರ ಆತಂದ್ರ ನಿನ್ನ ಜೀವಾ ತಡೀತೈತೇನು?” ಎಂದರು.

“ಕಾಕಾ, ಸಂತ್ಯಾಗ ನಂಗ ಒಂದ ಗೊತ್ತಾತು. ಕರದ್ರ ತಿರಗಿ ನೋಡ್ತಾರ. ಕರೀಲಿಲ್ಲಂದ್ರ ಎಲ್ಲಿ ಅದಾರ ಅನ್ನೂದs ಗೊತ್ತಾಗೂದಿಲ್ಲ. ಅಕಿ ಒಬ್ಬಾಕಿನs ಅಷ್ಟು ಎತ್ತರದಾಗ ನಿಂತಾಳ. ಯಾರೂ ಕರದಿಲ್ಲ ಅಕಿನ್ನ.” ಮಗಳನ್ನು ಮೇಲಕ್ಕೆ ಜಗ್ಗಿಕೊಂಡಳು. “ನನ್ನ ಬಾಯಾಗ ಗಟ್ಟಿಯಾಗಿ ಬರೂದು ಇದೊಂದs ಹೆಸರು. ಒಂದ ಹೆಸರಿನವ್ರು ಇಬ್ರು ಇರಬಾರದೇನು?”

ನಾನು ಒಂದು, ಎರಡು, ಮೂರು ಎನ್ನಲಿಲ್ಲ. ಎನ್ನಬೇಕಾಗಿಯೂ ಬರಲಿಲ್ಲ. ನೀಲಗಂಗಾ ಬಾಯಿ ತೆರೆದಾಗ ಎಲ್ಲರ ಬಾಯಿಯೂ ತೆರೆಯಿತು.

ಆ ವಾರ ನಮ್ಮೂರಿನ ಅಟ್ಟಗಳಿಂದ ತೊಟ್ಟಿಲುಗಳು ಕೆಳಗಿಳಿದವು. ತೊಟ್ಟಿಲಿಗೆ ಹಿಡಿಸದ ಮಕ್ಕಳನ್ನೂ ಹಿಡಿದು ಮಲಗಿಸಿದರು. ಕಾಲು ಹೊರಗೆ ಚಾಚಿಕೊಂಡು ಅವು ಕಿಸಿಕಿಸಿ ನಗುತ್ತಿದ್ದವು. ಸೋದರತ್ತೆ ಇಲ್ಲದ ಮನೆಗಳಲ್ಲಿ ನಾನೇ ಅತ್ತೆಯಾಗಿ ಹೆಸರು ಕೂಗಿ ಗುದ್ದು ತಿಂದು ತಿಂದು, ಗುರುವಾರದ ಹೊತ್ತಿಗೆ ಇಡ್ಲಿ ಪಾತ್ರೆ ಎತ್ತಲಾರದಷ್ಟು ಬೆನ್ನು ನೋಯುತ್ತಿತ್ತು. ಮಾಸ್ತರರ ಸಮರವಜ್ರಬಾಹುವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಫೋನುಗಳು ಗುಂಯ್ ಎಂದವು. ಮೊದಲ ಚಿತ್ರದಲ್ಲೇ ಬರಮಣ್ಣ ಮುಖವೆತ್ತಿದ್ದ. ಗುಳ್ಳೆಯಲ್ಲಿ ಹೆಸರಿತ್ತು. ಎರಡನೆಯ ಚಿತ್ರದಲ್ಲಿ ಜಡೆ ಹಾರಿತು, ಹುಡುಗಿ ತಿರುಗಿದಳು. ನಾವು ಅಂದುಕೊಂಡಂಥ ವೀರವನಿತೆಯ ಮುಖವಲ್ಲ ಅದು. ಹತ್ತು ಹನ್ನೊಂದರ ಪೋರಿ, ಮುಂದಿನ ಹಲ್ಲೊಂದು ಬಿದ್ದಿದೆ, ಇಷ್ಟು ತಡವಾಗಿ ಕರೆಯುತ್ತೀರಾ ಎಂಬ ಸಿಟ್ಟು ಹುಬ್ಬಿನ ಮೇಲೆ. ಆಮೇಲೆ ಎರಡೂ ಕೈಯಿಂದ ಹಗ್ಗಕ್ಕೆ ಜೋತುಬಿದ್ದಳು. ಗಂಟೆ ಮೊಳಗಿತು, ಬಾಗಿಲು ತೆರೆಯಿತು, ಉಪ್ಪುನೀರು ಕಾಲುವೆ ಬಿಟ್ಟು ಧುಮುಕಿತು. ಆನೆಗಳು ನಿಂತಲ್ಲೇ ಮಳೆಯಾಗಿ ಸುರಿದವು. ಹೋಟೆಲಿನಲ್ಲಿ ಕುಣಿದಾಟ. ಮೌಲಾಲಿ ಮಾಸ್ತರರನ್ನು ಎತ್ತಿ ತಿರುಗಿಸಿದ, ಮಾಸ್ತರರು ಇಳಿಸೋ ಮಾರಾಯ ಎನ್ನುತ್ತಲೇ ನಗುತ್ತಿದ್ದರು.

ನೀಲಗಂಗಾ ಮಾತ್ರ ಕುಣಿಯಲಿಲ್ಲ. ಕೊನೆಯ ಚಿತ್ರ ನೋಡುತ್ತಿದ್ದಳು. ಒಬ್ಬೊಬ್ಬರಾಗಿ ನಾವೂ ಕುಣಿತ ಬಿಟ್ಟು ನೋಡಿದೆವು. ಆನೆಗಳಿಂದ ಸುರಿದ ಸಿಹಿನೀರು ಬುರುಜಿನ ಬುಡಕ್ಕೆ ಬಂದು ನಿಂತಿತ್ತು. ಉಪ್ಪಿನ ಮೆಟ್ಟಿಲುಗಳು ಕರಗಿಹೋಗಿದ್ದವು. ಮೇಲೆ ಗಂಟೆಯ ಪಕ್ಕ, ಚಂಪಾ ಕೆಳಗೆ ಇಣುಕಿ ನೋಡುತ್ತಿದ್ದಳು.

ನಾನು ನೀಲಗಂಗಾಳ ಹೆಗಲ ಮೇಲೆ ಕೈಯಿಡಲು ಹೋದೆ. ಅವಳು ಅಷ್ಟರಲ್ಲಿ ಮಗಳನ್ನು ನನ್ನ ಕಂಕುಳಿಗೆ ದಾಟಿಸಿ ಮೇಜಿನ ಮೇಲಿನ ತಟ್ಟೆಗಳನ್ನೆಲ್ಲ ಬದಿಗೆ ಸರಿಸಿದಳು. ನಡುವೆ ಒಂದು ಲೋಟ ಬೋರಲು ಹಾಕಿ, ಅದರ ಮೇಲೆ ಸಕ್ಕರೆಯ ಒಂದು ಚೂರು ಇಟ್ಟಳು.

“ಇದು ಬುರುಜು, ಇಕಿ ನಮ್ಮ ಚಂಪಾ” ಎಂದಳು. “ಎಲ್ಲಾರೂ ಈ ಕಡೆ ಸರೀರಿ. ಕಾಕಾ, ಚಮಚಾ ತಗೋರಿ. ನಮಗ ಒಂದು ವಾರ ಐತಿ. ಇಕಿನ್ನ ಕೆಳಗ ಇಳಸೂದು ಹೆಂಗ, ಹೇಳ್ರಿ.”